ಹಳೇ ಟ್ಯಾಬ್ಲೆಟ್‌ಗೆ ಪುಟ್ಟ ಪ್ರಾಮಿಸ್ ಲೈಬ್ರರಿ ಸಾಕು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಣ್ಣು ಕುಯ್ದವರ ತೂಕ ಬರೆದುಕೊಳ್ಳಲು ನಾನೊಂದು ಆ್ಯಪ್ ಮಾಡಿಕೊಟ್ಟಿದ್ದೇನೆ. ತೋಟದ ಲೆಕ್ಕ ಬರೆಯುವ ರೈಟರ ಕೈಯಲ್ಲಿರುವುದು ಆಂಡ್ರಾಯ್ಡ್ 4.4ರ ಹಳೇ ಟ್ಯಾಬ್ಲೆಟ್. ಅದರ ವೆಬ್‌ವ್ಯೂ, ಅಂದರೆ ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ಬ್ರೌಸರ್, ಕ್ರೋಮಿಯಂ 30. ಪ್ರಾಮಿಸ್, ಅಂದರೆ ಇನ್ನೂ ಬರಬೇಕಾದ ಉತ್ತರಕ್ಕೆ ಕಾಯುವ ಜಾವಾಸ್ಕ್ರಿಪ್ಟ್ ಸೌಲಭ್ಯ, ಅದಕ್ಕೆ ಗೊತ್ತೇ ಇಲ್ಲ. 2015ರ ಇಎಸ್6 ಆವೃತ್ತಿಯಿಂದ ಪ್ರಾಮಿಸ್ ಜಾವಾಸ್ಕ್ರಿಪ್ಟ್ ಒಳಗೇ ಇದೆ, ಹಾಗಾಗಿ ನಿಮ್ಮವರೆಲ್ಲ ಹೊಸ ಫೋನ್ ಬಳಸುತ್ತಿದ್ದರೆ ಲೈಬ್ರರಿಯೇ ಬೇಡ.

ನಾನು ಹಾಕಿರುವುದು ಪ್ರಾಮಿಸ್-ಪಾಲಿಫಿಲ್, ಹಳೇ ಬ್ರೌಸರ್‌ನಲ್ಲಿ ಇಲ್ಲದ ಪ್ರಾಮಿಸನ್ನು ತುಂಬಿಕೊಡುವ ಲೈಬ್ರರಿ. ಜಿಜಿಪ್‌ನಲ್ಲಿ ಕುಗ್ಗಿಸಿದರೆ ಒಂದೆರಡು ಕೆಬಿ, ಅಷ್ಟೇ. ಬ್ಲೂಬರ್ಡ್ ಎಂಬ ಇನ್ನೊಂದು ಪ್ರಾಮಿಸ್ ಲೈಬ್ರರಿಯೂ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಜಾಸ್ತಿ ಆಯಿತು. ಪಾಲಿಫಿಲ್‌ನ ಸ್ಕ್ರಿಪ್ಟ್ ಟ್ಯಾಗನ್ನು ನಿಮ್ಮ ಕೋಡ್‌ಗಿಂತ ಮೇಲೆ ಇಡಿ. ಬ್ರೌಸರ್‌ನಲ್ಲಿ ಪ್ರಾಮಿಸ್ ಇದ್ದರೆ ಅದನ್ನೇ ಬಳಸಲು ಬಿಡುತ್ತದೆ. ಇದು ಆ್ಯರೋ ಫಂಕ್ಷನ್, ಅಸಿಂಕ್-ಅವೇಟ್ ಎಂಬ ಹೊಸ ಬರವಣಿಗೆ ರೀತಿಗಳನ್ನು ಕೊಡುವುದಿಲ್ಲ. ಫಂಕ್ಷನ್ ಎಂದು ಪೂರ್ತಿ ಬರೆಯಿರಿ, ಇಲ್ಲವೇ ಹೊಸ ಕೋಡನ್ನು ಹಳೇ ರೀತಿಗೆ ಬದಲಿಸುವ ಬೇಬಲ್ ಬಳಸಿ. ಸರ್ವರ್ ಜೊತೆ ಮಾತಾಡುವ ಫೆಚ್ ಕೂಡ ಇರುವುದಿಲ್ಲ, ಅದೇ ಕೆಲಸ ಮಾಡುವ ಹಳೇ ಎಕ್ಸ್ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟನ್ನೇ ನ್ಯೂ ಪ್ರಾಮಿಸ್ ಒಳಗೆ ಸುತ್ತಬೇಕು. ಸ್ಟೇಟಸ್ 200 (ಸರಿಯಾಯಿತು) ಬಂದರೆ ರಿಸಾಲ್ವ್, ಅಂದರೆ ಗೆದ್ದಿತು; ಬೇರೆ ಏನೇ ಬಂದರೂ ರಿಜೆಕ್ಟ್, ಅಂದರೆ ಸೋತಿತು. ಆನ್‌ಎರರ್, ಆನ್‌ಟೈಮ್‌ಔಟ್ ಎರಡರಲ್ಲೂ ರಿಜೆಕ್ಟ್ ಕರೆಯಿರಿ.

ಜಾಸ್ತಿ ಜನ ಎಡವುವುದು ರಿಟರ್ನ್‌ನಲ್ಲಿ. ಮೊದಲ ದೆನ್ (ಪ್ರಾಮಿಸ್ ಗೆದ್ದ ಮೇಲೆ ಓಡುವ ಭಾಗ) ಒಳಗೆ ತೂಕ ಕಳಿಸುವ ಫಂಕ್ಷನ್ ಕರೆದು, ಅದರ ಹಿಂದೆ ರಿಟರ್ನ್ ಹಾಕಲಿಲ್ಲ ಅಂದುಕೊಳ್ಳಿ. ಮುಂದಿನ ದೆನ್ ಕಾಯುವುದೇ ಇಲ್ಲ. ಅದಕ್ಕೆ ಸಿಗುವುದು ಅನ್‌ಡಿಫೈನ್ಡ್, ಅಂದರೆ ಏನೂ ಇಲ್ಲ. ತೂಕ ಇನ್ನೂ ಸರ್ವರ್ ಮುಟ್ಟಿಲ್ಲ, ಪರದೆ ಮೇಲೆ ಆಗಲೇ 'ಸೇವ್ ಆಯ್ತು' ಎಂದು ಹಸಿರು ಅಕ್ಷರ! ಆಮೇಲೆ ನೆಟ್‌ವರ್ಕ್ ಹೋದರೆ ಸೋತದ್ದನ್ನು ಹಿಡಿಯುವ ಕೊನೆಯ ಕ್ಯಾಚ್‌ಗೂ ಸುದ್ದಿ ಬರುವುದಿಲ್ಲ. ಕನ್ಸೋಲ್‌ನಲ್ಲಿ 'ಅನ್‌ಹ್ಯಾಂಡಲ್ಡ್ ರಿಜೆಕ್ಷನ್' ಅಂತ ಎಚ್ಚರಿಕೆ ಕಂಡರೆ ಮೊದಲು ರಿಟರ್ನ್ ಹುಡುಕಿ.

ಕುಯ್ಯುವವರ ಪಟ್ಟಿ, ಕೆಜಿ ರೇಟು ಎರಡನ್ನೂ ಒಟ್ಟಿಗೆ ತರಲು ಪ್ರಾಮಿಸ್.ಆಲ್ ಸರಿ, ಎರಡೂ ಇಲ್ಲದೆ ಲೆಕ್ಕ ಆಗಲ್ಲ ಅಲ್ವಾ? ಆದರೆ ಸಂಜೆ ಉಳಿದ ತೂಕಗಳನ್ನೆಲ್ಲ ಕಳಿಸುವಾಗ ಆಲ್ ಬೇಡ. ಒಂದು ಸೋತರೂ ಉಳಿದವು ಏನಾದವು ಅಂತ ಅದು ಹೇಳುವುದಿಲ್ಲ. ಅಲ್ಲಿ ಪ್ರತಿಯೊಂದೂ ಏನಾಯಿತು ಅಂತ ಹೇಳುವ ಆಲ್‌ಸೆಟಲ್ಡ್ ಬಳಸಿ, ರಿಜೆಕ್ಟೆಡ್ ಆದವನ್ನು ಮಾತ್ರ ಮತ್ತೆ ಕಳಿಸಿ.

ಮತ್ತೆ ಕಳಿಸುವ ಮುಂಚೆ ಒಂದು ಕೆಲಸ ಇದೆ. ಟೈಮ್‌ಔಟ್ ಆಯಿತು ಎಂದರೆ ಸರ್ವರ್‌ಗೆ ತಲುಪಿಲ್ಲ ಅಂತಲ್ಲ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಪ್ರತಿ ತೂಕಕ್ಕೂ ಟ್ಯಾಬ್ಲೆಟ್‌ನಲ್ಲೇ ಒಂದು ಐಡಿ ಕೊಡಿ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಸುಮ್ನೆ 200 ಹೇಳಲಿ, ಹೊಸ ಸಾಲು ಬರೆಯದಿರಲಿ.