ಒಂದು ಹಿಡಿ ಧಾನ್ಯ: ಗ್ರಿಮ್‌ಡಾರ್ಕ್ ಕಾದಂಬರಿ ಬರೆದ ನನ್ನ ಅನುಭವ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಹೆಸರಿದ್ದ ಪಾತ್ರಗಳ ಪೈಕಿಯೇ ನಲವತ್ತೊಂದು ಮಂದಿ ಸಾಯುತ್ತಿದ್ದರು. ಗ್ರಿಮ್‌ಡಾರ್ಕ್ ಫ್ಯಾಂಟಸಿ, ಅಂದರೆ ಕ್ರೌರ್ಯ, ಹತಾಶೆ ತುಂಬಿದ ಕಲ್ಪಿತ ಲೋಕದ ಕಥೆ, ಬರೆಯುವುದೆಂದರೆ ಒಳ್ಳೆಯವರನ್ನು ಬೇಗ ಕೊಲ್ಲುವುದು, ಉಳಿದವರಿಗೆ ನೆಮ್ಮದಿ ಸಿಗದಂತೆ ನೋಡಿಕೊಳ್ಳುವುದು ಎಂದು ಆಗ ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಹಸ್ತಪ್ರತಿಯನ್ನು ಓದಿ ಹಿಂದಿರುಗಿಸಿದ ಗೆಳತಿ, ಇಷ್ಟು ಜನ ಸತ್ತರೂ ಒಬ್ಬರ ಸಾವಿಗಾದರೂ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆನಿಸಲಿಲ್ಲ ಎಂದರು. ಆ ಮಾತನ್ನು ಒಪ್ಪಿಕೊಳ್ಳಲು ನನಗೆ ಕೆಲವು ವಾರಗಳು ಬೇಕಾದವು. ಒಪ್ಪಿಕೊಂಡ ಮೇಲೆ ಎರಡನೆಯ ಕರಡು ಬರೆಯಲು ಮೂರು ವರ್ಷ ಹಿಡಿಯಿತು.

ಈ ಪ್ರಕಾರಕ್ಕೆ ಹೆಸರು ಬಂದದ್ದು ಮೇಜಿನ ಮೇಲೆ ಆಡುವ ಒಂದು ಯುದ್ಧದ ಆಟದಿಂದ. 1987ರಲ್ಲಿ ಬಂದ ‘ವಾರ್‌ಹ್ಯಾಮರ್ 40,000’ ತನ್ನ ಲೋಕವನ್ನು ದೂರದ ಭವಿಷ್ಯದ ಕರಾಳ ಕತ್ತಲಲ್ಲಿ ಯುದ್ಧವೊಂದೇ ಉಳಿದಿದೆ ಎಂಬರ್ಥದ ಸಾಲಿನಿಂದ ಪರಿಚಯಿಸುತ್ತಿತ್ತು. ಆ ಸಾಲಿನ ‘ಗ್ರಿಮ್’ (ಕರಾಳ), ‘ಡಾರ್ಕ್‌ನೆಸ್’ (ಕತ್ತಲು) ಎಂಬ ಎರಡು ಪದಗಳು ಕೂಡಿಕೊಂಡು ‘ಗ್ರಿಮ್‌ಡಾರ್ಕ್’ ಆದವು. ಹೆಸರಿಗಿಂತ ಮೊದಲೇ ಬರವಣಿಗೆ ಇತ್ತು. ಗ್ಲೆನ್ ಕುಕ್ 1984ರಲ್ಲಿ ಪ್ರಕಟಿಸಿದ ‘ದಿ ಬ್ಲ್ಯಾಕ್ ಕಂಪನಿ’ಯಲ್ಲಿ ಕೂಲಿ ಸೈನಿಕರ ತಂಡವೊಂದರ ಕಥೆಯನ್ನು ಆ ತಂಡದ ವೈದ್ಯನೇ ಬರೆದಿಡುತ್ತಾನೆ. ಯುದ್ಧದ ಕಥೆಯನ್ನು ಗಾಯಕ್ಕೆ ಹೊಲಿಗೆ ಹಾಕುವವನ ಕೈಗೆ ಕೊಟ್ಟದ್ದು ಎಷ್ಟು ದೊಡ್ಡ ನಿರ್ಧಾರವೆಂಬುದು ನಾನು ಬರೆಯಲು ಕುಳಿತ ಮೇಲೆಯೇ ಅರ್ಥವಾಯಿತು. ಕುಕ್ ಕಾರು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಲೇ ಬರೆದವರು ಎಂಬ ಸಂಗತಿಯೂ, ನೌಕರಿಯ ನಡುವೆ ಸಮಯ ಹೊಂಚಿ ಬರೆಯುತ್ತಿದ್ದ ನನಗೆ ಧೈರ್ಯ ಕೊಟ್ಟಿತ್ತು.

ಎರಡನೆಯ ಕರಡಿನ ದಾರಿ ತೆರೆದದ್ದು ಇತಿಹಾಸದ ಒಂದು ಮುತ್ತಿಗೆಯಿಂದ. ಇಂಗ್ಲೆಂಡಿನ ರಾಜ ಮೊದಲನೆಯ ರಿಚರ್ಡ್ ನಾರ್ಮಂಡಿಯ ಸೆನ್ ನದಿಯ ಮೇಲಿನ ಗುಡ್ಡದಲ್ಲಿ ಕಟ್ಟಿಸಿದ ಶಾತೋ ಗೇಯಾರ್ ಕೋಟೆಯನ್ನು ಫ್ರಾನ್ಸಿನ ಎರಡನೆಯ ಫಿಲಿಪ್ 1203ರಲ್ಲಿ ಮುತ್ತಿದಾಗ, ಕೆಳಗಿನ ಊರಿನ ಜನ ಕೋಟೆಯೊಳಗೆ ಆಶ್ರಯ ಪಡೆದಿದ್ದರು. ಉಗ್ರಾಣ ಬರಿದಾಗುವುದೆಂದು ಕೋಟೆಯ ಅಧಿಪತಿ ರೋಜರ್ ಡಿ ಲೇಸಿ ಅವರನ್ನು ತಂಡತಂಡವಾಗಿ ಹೊರಗೆ ಕಳುಹಿಸತೊಡಗಿದ. ಮೊದಲು ಬಂದವರನ್ನು ಮುತ್ತಿಗೆಯ ಸೈನಿಕರು ಹಾದುಹೋಗಲು ಬಿಟ್ಟರು. ಆಮೇಲೆ ಬಂದವರನ್ನು ಬಿಡಕೂಡದೆಂದು ರಾಜನ ಅಪ್ಪಣೆಯಾಯಿತು. ಹಿಂದಿರುಗಿ ಬಂದರೆ ಕೋಟೆಯ ಬಾಗಿಲೂ ಮುಚ್ಚಿತ್ತು. ಎರಡು ಸೈನ್ಯಗಳ ನಡುವಿನ ಬಂಡೆಗಳ ಇಳಿಜಾರಿನಲ್ಲಿ, ಚಳಿಗಾಲವಿಡೀ, ಆ ಜನ ಹಸಿವಿನಿಂದ ಸಾಯುತ್ತಾ ಉಳಿದರು. 1204ರ ಮಾರ್ಚ್‌ನಲ್ಲಿ ಕೋಟೆ ಹೇಗೂ ಬಿತ್ತು.

ಇದನ್ನು ಓದಿದ ದಿನ ನನ್ನ ನಲವತ್ತೊಂದು ಸಾವುಗಳೂ ಹಗುರವಾಗಿ ಕಂಡವು. ಅಲ್ಲಿ ಕತ್ತಿ ಬೀಸಿದವರಿಲ್ಲ. ಬಾಗಿಲು ಮುಚ್ಚಿದವರಿದ್ದಾರೆ, ಅಷ್ಟೆ. ನನ್ನ ಕಾದಂಬರಿಯ ಕಥಾನಾಯಕನನ್ನು ಅಂಥ ಒಂದು ಬಾಗಿಲಿನ ಬಳಿ ನಿಲ್ಲಿಸಬೇಕೆಂದು ನಿಶ್ಚಯಿಸಿ, ಕಥೆಗಿಂತ ಮೊದಲು ಲೆಕ್ಕವನ್ನು ಬರೆದೆ. ಕೋಟೆಯಲ್ಲಿ 600 ಸೈನಿಕರು, 900 ಆಶ್ರಿತರು, ಉಗ್ರಾಣದಲ್ಲಿ 180 ಟನ್ ಧಾನ್ಯ. ತಲೆಗೆ ದಿನಕ್ಕೆ ಒಂದು ಕಿಲೋ ಎಂದರೆ ಎಲ್ಲರಿಗೂ 120 ದಿನ ಸಾಕು. ಸೈನಿಕರಿಗೆ ಮಾತ್ರವಾದರೆ 300 ದಿನ. ಕಣಿವೆಯ ಹಿಮ ಕರಗಿ ನೆರವಿನ ಪಡೆ ಬರಲು 180 ದಿನ ಬೇಕು. ಹೀಗಾಗಿ ಅವನಿಗೆ ಬೇರೆ ದಾರಿಯೇ ಇಲ್ಲ, ಆಶ್ರಿತರನ್ನು ಹೊರದೂಡಲೇಬೇಕು ಎಂದು ದೃಶ್ಯವನ್ನು ಹೆಣೆದೆ.

ಲೆಕ್ಕಪತ್ರದ ಕೆಲಸದಲ್ಲಿರುವ ಅದೇ ಗೆಳತಿ ಆ ಹಾಳೆಯನ್ನು ನೋಡಿ, ಆಶ್ರಿತರಿಗೆ ಅರ್ಧ ಪಡಿ, ಅಂದರೆ ದಿನಕ್ಕೆ ಅರ್ಧ ಕಿಲೋ, ಕೊಟ್ಟರೆ ಎಂದು ಕೇಳಿದರು. ಕೂಡಿ ನೋಡಿದೆವು: 171 ದಿನ. ಒಂಬತ್ತು ದಿನ ಮಾತ್ರ ಕಡಿಮೆ. ಆ ಒಂಬತ್ತು ದಿನಗಳನ್ನು ತುಂಬಲು ಪ್ರತಿ ಸೈನಿಕನ ಪಡಿಯಿಂದ ದಿನಕ್ಕೆ ಸುಮಾರು 83 ಗ್ರಾಂ ತೆಗೆದರೆ ಸಾಕಾಗಿತ್ತು. ಅಂದರೆ ಹೆಚ್ಚೆಂದರೆ ಒಂದು ಹಿಡಿ.

ಮೊದಲು ನನಗೆ ಬಂದ ಯೋಚನೆ ಅಂಕಿಗಳನ್ನು ಬದಲಾಯಿಸಿ ಆ ದಾರಿಯನ್ನು ಮುಚ್ಚಿಬಿಡುವುದು. ಉಗ್ರಾಣವನ್ನು 120 ಟನ್ನಿಗೆ ಇಳಿಸಿದ್ದರೆ ನಾಯಕ ನಿರಪರಾಧಿಯಾಗುತ್ತಿದ್ದ, ಓದುಗರು ಅವನಿಗಾಗಿ ಮರುಗುತ್ತಿದ್ದರು. ಆ ಇಡೀ ರಾತ್ರಿ ಯೋಚಿಸಿ ಅಂಕಿಗಳನ್ನು ಹಾಗೆಯೇ ಉಳಿಸಿದೆ. ಕಾದಂಬರಿಯಲ್ಲಿ ಈಗ ಉಗ್ರಾಣದ ಗುಮಾಸ್ತ ಇದೇ ಲೆಕ್ಕವನ್ನು ನಾಯಕನ ಮುಂದಿಡುತ್ತಾನೆ, ಧಾನ್ಯವನ್ನು ಮುಷ್ಟಿಯಲ್ಲಿ ಹಿಡಿದು ತೋರಿಸುತ್ತಾನೆ, ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿದ್ದನ್ನು ಬಗ್ಗಿ ಹೆಕ್ಕಿಕೊಳ್ಳುತ್ತಾನೆ. ನಾಯಕನಿಗೆ ಲೆಕ್ಕ ಅರ್ಥವಾಗುತ್ತದೆ. ಎರಡು ತಿಂಗಳಿಂದ ಸಂಬಳ ಕಾಣದ ಕೂಲಿ ಸೈನಿಕರ ಪಡಿಗೆ ಕೈಹಾಕಿದರೆ ಅವರು ತನ್ನ ಮೇಲೆ ತಿರುಗಿಬೀಳುತ್ತಾರೆಂಬ ಭಯದಿಂದ ಅವನು ಬಾಗಿಲು ತೆರೆಸುತ್ತಾನೆ. ಹೊರಗೆ ನಡೆಯುವವರ ಸಾಲಿನಲ್ಲಿ, ಹಿಂದೊಮ್ಮೆ ಅವನ ತೊಡೆಯ ಗಾಯಕ್ಕೆ ಹೊಲಿಗೆ ಹಾಕಿದ್ದ ಮುದುಕಿಯಿದ್ದಾಳೆ. ಅವಳು ಬೇಡುವುದಿಲ್ಲ, ಕುಂಟುತ್ತಿದ್ದೀಯಾ ಎಂದಷ್ಟೇ ಕೇಳಿ ಮುಂದೆ ಹೋಗುತ್ತಾಳೆ. ಬೇರೆ ದಾರಿ ಇದ್ದೂ, ಅದು ಕಣ್ಣಿಗೆ ಕಂಡೂ, ಮನುಷ್ಯ ಈ ದಾರಿ ಹಿಡಿದ ಎಂಬಲ್ಲಿ ನನಗೆ ನಿಜವಾದ ಕತ್ತಲು ಕಾಣುತ್ತದೆ. ಗತಿಯಿಲ್ಲದೆ ಮಾಡಿದ ತಪ್ಪಿನಲ್ಲಿ ಅದು ಇರುವುದಿಲ್ಲ.

ಇದಾದ ಮೇಲೆ ಹೊಡೆದಾಟದ ದೃಶ್ಯಗಳನ್ನು ಬರೆಯುವ ರೀತಿಯೂ ಬದಲಾಯಿತು. 1461ರ ಟೌಟನ್ ಕದನದ ಸಾಮೂಹಿಕ ಸಮಾಧಿಯೊಂದು 1996ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಅದರಲ್ಲಿದ್ದ ಎಷ್ಟೋ ತಲೆಬುರುಡೆಗಳ ಮೇಲೆ ಒಂದಲ್ಲ, ಹಲವು ಏಟುಗಳ ಗುರುತಿವೆ. ಒಬ್ಬನ ದವಡೆಯಲ್ಲಿ ಹಿಂದಿನ ಯಾವುದೋ ಯುದ್ಧದ ಆಳವಾದ ಗಾಯ ಮಾಯ್ದಿತ್ತು. ಅಂಥ ಗಾಯವನ್ನು ಹೊತ್ತು ಮತ್ತೆ ಯುದ್ಧಕ್ಕೆ ಬಂದವನ ಬಗ್ಗೆ ನಾನು ತಿಂಗಳುಗಟ್ಟಲೆ ಯೋಚಿಸಿದ್ದೇನೆ: ಅವನು ಹೇಗೆ ಅಗಿಯುತ್ತಿದ್ದ, ಅವನ ಮಾತು ಇತರರಿಗೆ ತಿಳಿಯುತ್ತಿತ್ತೇ, ಮತ್ತೆ ಏಕೆ ಬಂದ. ನನ್ನ ಕಾದಂಬರಿಯಲ್ಲಿ ಕತ್ತಿಯ ಏಟಿಗೆ ಒಂದು ವಾಕ್ಯ, ಗಾಯಕ್ಕೆ ಹಲವು ಪುಟ. ಹದಿನಾರನೆಯ ಶತಮಾನದ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ, ಗುಂಡೇಟಿನ ಗಾಯಗಳಿಗೆ ಸುರಿಯುತ್ತಿದ್ದ ಕುದಿಯುವ ಎಣ್ಣೆ ಮುಗಿದುಹೋದಾಗ, ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದರು. ಎಣ್ಣೆ ಸುರಿಸಿಕೊಂಡವರಿಗಿಂತ ಈ ಲೇಪ ಹಚ್ಚಿಸಿಕೊಂಡವರೇ ನೆಮ್ಮದಿಯಾಗಿದ್ದುದನ್ನು ಮರುದಿನ ಕಂಡರು. ಕತ್ತಲ ಕಾದಂಬರಿಗೆ ಇಂಥ ಸಂಗತಿಗಳೂ ಬೇಕು. ಯಾರೊಬ್ಬರೂ ಯಾರ ಗಾಯವನ್ನೂ ತೊಳೆಯದ ಲೋಕದಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಹಾಗಾಗಿ ಭಯವೂ ಇರುವುದಿಲ್ಲ.

ಭಾಷೆಯ ವಿಷಯದಲ್ಲಿ ನನಗೆ ಹೆಚ್ಚು ಕಷ್ಟ ಕೊಟ್ಟದ್ದು ನಮ್ಮ ಯುದ್ಧದ ಪದಸಂಪತ್ತೇ. ವೀರಮರಣ, ರಣಕಹಳೆ, ನೆತ್ತರ ಹೊಳೆ, ವೀರಸ್ವರ್ಗ, ಇವೆಲ್ಲ ಕೈಗೆ ತಾನಾಗಿ ಬರುವ ಪದಗಳು. ಬರೆದ ಕೂಡಲೇ ಸಾವು ಉತ್ಸವದಂತೆ ಕಾಣತೊಡಗುತ್ತದೆ. ಅವುಗಳನ್ನು ನಿರೂಪಣೆಯಿಂದ ಪೂರ್ತಿಯಾಗಿ ತೆಗೆದು, ಸೈನ್ಯ ಕಳುಹಿಸುವ ದೊರೆಗಳ ಬಾಯಲ್ಲಿ ಮಾತ್ರ ಉಳಿಸಿದೆ. ‘ಭೀಕರ’, ‘ಘೋರ’ ಎಂಬ ವಿಶೇಷಣಗಳನ್ನೂ ಹುಡುಕಿ ಹುಡುಕಿ ಅಳಿಸಿದೆ. ಚಿತ್ರಹಿಂಸೆಯ ದೃಶ್ಯಗಳಲ್ಲಿ, ಆನಂತರ ಯಾರೊಬ್ಬರ ನಿರ್ಧಾರವೂ ಬದಲಾಗದವುಗಳನ್ನು ಕಿತ್ತುಹಾಕಿದೆ. ಏಳರಲ್ಲಿ ಎರಡು ಉಳಿದವು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಗಂಡು ಪಾತ್ರದ ಸಿಟ್ಟಿಗೆ ಕಾರಣವಾಗಿಸಿ ಬರೆದಿದ್ದ ಅಧ್ಯಾಯವನ್ನು ಇಡಿಯಾಗಿ ಬಿಟ್ಟೆ. ಈಗ ನೆನೆದರೆ ಅದನ್ನು ಬರೆದದ್ದಕ್ಕೇ ನಾಚಿಕೆಯಾಗುತ್ತದೆ.

ಮೊದಲ ಕರಡನ್ನು ರಾತ್ರಿಯ ಹೊತ್ತು ಬರೆಯುತ್ತಿದ್ದೆ, ಬರೆದದ್ದು ನಿದ್ದೆಯೊಳಕ್ಕೂ ಬರುತ್ತಿತ್ತು. ಎರಡನೆಯದನ್ನು ಬೆಳಗಿನ ಐದರಿಂದ ಏಳರವರೆಗೆ, ದಿನಕ್ಕೆ ಐನೂರು ಪದಗಳಂತೆ ಬರೆದು, ನಂತರ ಅರ್ಧ ಗಂಟೆ ನಡೆದು, ಆಮೇಲೆ ಮನೆಯವರ ಮುಖ ನೋಡುತ್ತಿದ್ದೆ. ಬಾಗಿಲಿನ ಅಧ್ಯಾಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಬ್ಬ ಪ್ರಕಾಶಕರು, ಮುದುಕಿಯನ್ನಾದರೂ ಬದುಕಿಸಿದರೆ ಪುಸ್ತಕ ತರುತ್ತೇವೆ ಎಂದರು. ಎರಡು ದಿನ ಯೋಚಿಸಿ ಬೇಡವೆಂದೆ. ಅವಳು ಬದುಕಿದರೆ ನಾಯಕ ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದ.

ಕೊನೆಯ ಅಧ್ಯಾಯದಲ್ಲಿ ಹಿಮ ಬೇಗ ಕರಗಿ, ನೆರವಿನ ಪಡೆ 170ನೆಯ ದಿನವೇ ಬರುತ್ತದೆ. ಸೈನಿಕರ ಪಡಿಯಿಂದ ಒಂದು ಕಾಳನ್ನೂ ತೆಗೆಯದೆ ಎಲ್ಲರನ್ನೂ ಉಳಿಸಬಹುದಾಗಿತ್ತು ಎಂಬುದು ಆ ದಿನ ಕೋಟೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಗುಮಾಸ್ತ ಉಗ್ರಾಣವನ್ನು ತೂಗಿ, 78 ಟನ್ ಉಳಿದಿದೆಯೆಂದು ಓದುತ್ತಾನೆ. ನಾಯಕ ಮತ್ತೊಮ್ಮೆ ತೂಗಲು ಹೇಳುತ್ತಾನೆ. ಗುಮಾಸ್ತ ಮಾತಾಡದೆ ತಕ್ಕಡಿಯನ್ನು ಸರಿಪಡಿಸಿ, ಮೊದಲ ಚೀಲವನ್ನು ಮತ್ತೆ ಎಳೆದುಕೊಳ್ಳುತ್ತಾನೆ.