ಶಾಲೆಯ ಫಲಕಕ್ಕೆ ‘ಇತಿಹಾಸದಲ್ಲಿ ಈ ದಿನ’ ಬರೆಯುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಶಾಲೆಗಳ ಫಲಕಕ್ಕೆ ದಿನಕ್ಕೆ ಮೂರು ಸಾಲು ಸಾಕು: ಒಂದು ಜಿಲ್ಲೆಯದು, ಒಂದು ರಾಜ್ಯದ್ದು, ಒಂದು ಹೊರಗಿನದು. ಮೊದಲು ಇಸವಿ, ಆಮೇಲೆ ಘಟನೆ. ಆಗಸ್ಟ್ 15ಕ್ಕೆ ಸ್ವಾತಂತ್ರ್ಯದ ಜೊತೆಗೆ ‘1997: ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು’ ಎಂದು ಬರೆಯಿರಿ, ಮಕ್ಕಳು ನಿಂತು ಓದುವುದು ಈ ಸಾಲನ್ನೇ. ಡಿಸೆಂಬರ್ 10ಕ್ಕೆ ನಿಜಲಿಂಗಪ್ಪನವರ ಜನನ, 1902.

ನವೆಂಬರ್ 1ರಲ್ಲಿ ಎಡವುವವರೇ ಹೆಚ್ಚು. ರಾಜ್ಯ ಒಂದಾದದ್ದು 1956ರಲ್ಲಿ, ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ.

ದಿನ ಗೊತ್ತಿಲ್ಲದ್ದಕ್ಕೆ ದಿನ ಹಚ್ಚಬಾರದು. ದುರ್ಗ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಖಚಿತ ತಾರೀಖು ಕೈಯಲ್ಲಿಲ್ಲದಿದ್ದರೆ ‘ಈ ವರ್ಷ’ ಎಂಬ ಬೇರೆ ಮೂಲೆಗೆ ಹಾಕಿ. ನವೆಂಬರ್ 11 ಸರ್ಕಾರ ಒನಕೆ ಓಬವ್ವ ಜಯಂತಿ ಆಚರಿಸುವ ದಿನ. ಹಾಗೆಂದೇ ಬರೆಯಿರಿ, ‘ಹುಟ್ಟಿದ ದಿನ’ ಎನ್ನಬೇಡಿ.

ನಿಜವಾದ ಪೇಚು ಶಾಸನಗಳದ್ದು. ಗತ ಶಕವರ್ಷಕ್ಕೆ, ಅಂದರೆ ಕಳೆದು ಮುಗಿದ ಶಕವರ್ಷಗಳ ಎಣಿಕೆಗೆ, 78 ಕೂಡಿಸಿದರೆ ಇಸವಿ ಸಿಗುತ್ತದೆ. ಆದರೆ ಶಕವರ್ಷ ಶುರುವಾಗುವುದು ಯುಗಾದಿಗೆ, ಹಾಗಾಗಿ ಜನವರಿ ದಾಟಿ ಮುಂದಿನ ಇಸವಿಗೆ ಬೀಳುವ ಮಾಘ, ಫಾಲ್ಗುಣದ ಘಟನೆಗೆ 79 ಕೂಡಿಸಬೇಕು. ಸಂವತ್ಸರದ ಹೆಸರೊಂದನ್ನೇ ನಂಬಿದರೆ 60 ವರ್ಷ ತಪ್ಪಬಹುದು, ಅದು ಮತ್ತೆ ಸುತ್ತಿ ಬರುತ್ತದೆ. ತಿಥಿಯನ್ನು ಈ ವರ್ಷದ ಪಂಚಾಂಗ ನೋಡಿ ತಾರೀಖಿಗೆ ತಿರುಗಿಸಬೇಡಿ. ಘಟನೆ ನಡೆದ ವರ್ಷದ ಲೆಕ್ಕವೇ ಬೇಕು. ಬ್ರಿಟಿಷರ ಹಳೇ ಕಾಗದಗಳಲ್ಲೂ ಎಚ್ಚರ: 1752ರಲ್ಲಿ ಅವರು ಕ್ಯಾಲೆಂಡರ್ ಬದಲಿಸಿದಾಗ ಸೆಪ್ಟೆಂಬರ್ 2ರ ಮರುದಿನವೇ 14 ಆಗಿತ್ತು.