ಶುಗರ್ ಇದೆಯಾ? ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಿ

ಆಷಾಢ ಹತ್ತಿರ ಬಂತು. ಮೈಸೂರಿನ ನಮ್ಮ ಪಾದದ ಕ್ಲಿನಿಕ್‌ನಲ್ಲಿ ಈಗ ದಿನಾ ಒಂದೇ ಪ್ರಶ್ನೆ: "ಶುಗರ್ ಇದೆ, ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಬರಿಗಾಲಲ್ಲಿ ಹತ್ತಬಹುದಾ?" ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ನಿಮ್ಮ ಪಾದಕ್ಕೆ ಮುಟ್ಟಿದ್ದು ಗೊತ್ತಾಗುತ್ತಾ ಇಲ್ವಾ, ಅದರ ಮೇಲೆ ಹೋಗುತ್ತದೆ. ಅದನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಅದಕ್ಕೂ ಮುಂಚೆ ಒಂದು ವಿಷಯ. ನಾನು ಇಲ್ಲಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವಳು. ಕಳೆದ ವರ್ಷ ಮದ್ದೂರು ಕಡೆಯ ಯಜಮಾನರೊಬ್ಬರು ಕಾಲು ಊದಿದೆ ಅಂತ ಬಂದಿದ್ದರು. ಚಪ್ಪಲಿ ಬಿಡಿಸಿ ಅಂಗಾಲು ನೋಡಿದರೆ ಕಬ್ಬಿನ ಕೂಳೆಯ ಚೂರು ಒಳಗೇ ಮುರಿದುಕೊಂಡು ಕೂತಿತ್ತು, ಸುತ್ತ ಕೀವು. ಯಾವಾಗ ಚುಚ್ಚಿತು ಅಂತ ಕೇಳಿದರೆ, "ಚುಚ್ಚೇ ಇಲ್ವಲ್ಲಮ್ಮ" ಅಂದರು. ಅವರು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ನರಗಳು ಕೆಡುತ್ತವೆ, ಸಾಮಾನ್ಯವಾಗಿ ಕಾಲ್ಬೆರಳಿಂದಲೇ ಶುರು. ಎಷ್ಟೋ ಜನಕ್ಕೆ ಮೊದಲು ಜೋಮು, ಉರಿ, ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ. ಆಮೇಲೆ ಏನೂ ಇಲ್ಲ. ಉರಿ ನಿಂತಿತು, ವಾಸಿಯಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಹೆದರಿಕೆ ಆಗುವುದು ಇಂಥ ನೋವಿಲ್ಲದ ಪಾದ ಕಂಡಾಗಲೇ.

ಈಗ ಪರೀಕ್ಷೆ. ಇದನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯವರು ರೂಪಿಸಿದ್ದು, ಯಾವ ಉಪಕರಣವೂ ಬೇಡ. ನೀವು ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಹಗುರವಾಗಿ ಮುಟ್ಟಬೇಕು, ಒಂದೆರಡು ಸೆಕೆಂಡು ಅಷ್ಟೆ. ಮೊದಲು ಬಲಗಾಲಿನ ಹೆಬ್ಬೆರಳು, ಕಿರುಬೆರಳು. ಆಮೇಲೆ ಎಡಗಾಲಿನ ಹೆಬ್ಬೆರಳು, ಕಿರುಬೆರಳು. ಕೊನೆಗೆ ಎರಡೂ ಕಾಲಿನ ನಡುಬೆರಳು. ಒಟ್ಟು ಆರು. ಮುಟ್ಟಿದ್ದು ಗೊತ್ತಾದ ಕೂಡಲೇ ನೀವು "ಬಲ" ಅಥವಾ "ಎಡ" ಅನ್ನಬೇಕು. ಒತ್ತಬಾರದು, ತಟ್ಟಬಾರದು, ಸವರಬಾರದು, ಗೊತ್ತಾಗಲಿಲ್ಲ ಅಂತ ಇನ್ನೊಂದು ಸಲ ಮುಟ್ಟಲೂಬಾರದು (ಮನೆಯವರು ಪ್ರೀತಿಗೆ ಎರಡು ಮೂರು ಸಲ ಮುಟ್ಟಿ ಪಾಸ್ ಮಾಡಿಸಿಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ). ಆರರಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಇದೆ. ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೂ ಬರಿಗಾಲು ಬೇಡ, ಮನೆಯೊಳಗೂ ಬೇಡ.

ಬೆಟ್ಟದ ವಿಷಯಕ್ಕೆ ಬರೋಣ. ಮೆಟ್ಟಿಲು ಸಾವಿರಕ್ಕೂ ಜಾಸ್ತಿ, ದೊಡ್ಡ ನಂದಿ ಸಿಗುವಷ್ಟರಲ್ಲೇ ಸುಮಾರು 700 ಆಗಿರುತ್ತದೆ. ಆರೂ ಸಲ ಗೊತ್ತಾಯಿತು, ಗಾಯ ಗುಳ್ಳೆ ಏನೂ ಇಲ್ಲ, ಡಾಕ್ಟರೂ ಬೇಡ ಅಂದಿಲ್ಲ ಅನ್ನುವವರು ಬೆಳಗಿನ ತಂಪಿನಲ್ಲಿ ಹತ್ತಿ, ಇಳಿದ ಮೇಲೆ ಅಂಗಾಲು ನೋಡಿಕೊಳ್ಳಿ. ಗೊತ್ತಾಗದವರು ಬಸ್ಸಿನಲ್ಲೇ ಹೋಗಿ. ತಾಯಿ ದರ್ಶನ ಅಲ್ಲೂ ಅದೇ ಅಲ್ವಾ? ಚಪ್ಪಲಿ ಬಿಡಲೇಬೇಕಾದ ಕಡೆ ದಪ್ಪ ಹತ್ತಿಯ ಕಾಲುಚೀಲ ಇರಲಿ. ಬಿಳಿಯದೇ ಆದರೆ ಒಳ್ಳೆಯದು, ರಕ್ತದ ಕಲೆ ಬೇಗ ಕಾಣುತ್ತದೆ. ಆದರೆ ಮಧ್ಯಾಹ್ನ ಕಾದ ಕಲ್ಲಿಗೆ ಕಾಲುಚೀಲ ಏನೇನೂ ಸಾಲದು.

ಇನ್ನು ದಿನಾ ಮಾಡುವ ಕೆಲಸ. ರಾತ್ರಿ ಕಾಲು ತೊಳೆದು ಒಳ್ಳೆ ಬೆಳಕಿನಲ್ಲಿ ಕೂತು ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ, ಇಲ್ಲ ಮೊಮ್ಮಕ್ಕಳನ್ನು ಕರೆದು ನೋಡಿಸಿ. ಬೆರಳ ಸಂದಿ ಮರೆಯಬೇಡಿ. ಆಮೇಲೆ ಕೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ನೋಡಿ. ಗಾಯ ಇಲ್ಲದೆಯೂ ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿದ್ದರೆ ಒಳಗೆ ಮೂಳೆ, ಕೀಲು ಕುಸಿಯುತ್ತಿರಬಹುದು. ಇದಕ್ಕೆ ಶಾರ್ಕೋ ಪಾದ ಅನ್ನುತ್ತಾರೆ. ಇದರಲ್ಲಿ ನೋವು ಕಡಿಮೆ ಇರುವುದರಿಂದ ಜನ ನಡೆಯುತ್ತಲೇ ಇರುತ್ತಾರೆ, ನಡೆದಷ್ಟೂ ಪಾದದ ಆಕಾರವೇ ಹಾಳಾಗುತ್ತದೆ. ಆ ಕಾಲಿನ ಮೇಲೆ ಭಾರ ಬಿಡದೆ ಅವತ್ತೇ ತೋರಿಸಿ.

ತೊಳೆಯುವ ನೀರು ಉಗುರುಬೆಚ್ಚಗಿರಲಿ. ಬಿಸಿ ಎಷ್ಟಿದೆ ಅಂತ ಮೊಣಕೈ ಅದ್ದಿ ನೋಡಿ, ಕಾಲು ಇಟ್ಟು ನೋಡಬೇಡಿ. ಬಕೆಟ್‌ನಲ್ಲಿ ಗಂಟೆಗಟ್ಟಲೆ ಕಾಲು ನೆನೆಸಬೇಡಿ. ಸಂದಿಗಳನ್ನು ಒತ್ತಿ ಒರೆಸಿ. ಮಂಡ್ಯ ಕಡೆ ನಾಟಿ ಸಮಯದಲ್ಲಿ ಬರುವ ಕೆಸರುಹುಣ್ಣು ಹೆಚ್ಚಾಗಿ ಸಂದಿಯ ತೇವದಿಂದಲೇ ಆಗುವುದು. ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆಯೋ ಯೂರಿಯಾ ಇರುವ ಕ್ರೀಮೋ ಹಚ್ಚಿ, ಸಂದಿಗೆ ಮಾತ್ರ ಬೇಡ. ಉಗುರನ್ನು ನೇರಕ್ಕೆ ಕತ್ತರಿಸಿ.

ಆಣಿ ಆಗಿದ್ದರೆ ಬ್ಲೇಡ್ ಮುಟ್ಟಬೇಡಿ, ಕೈಮುಗಿದು ಕೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಕಾರ್ನ್ ಪ್ಲಾಸ್ಟರ್ ಕೂಡ ಶುಗರ್ ಇರುವವರಿಗೆ ಬೇಡ. ಅದರಲ್ಲಿ ಇರುವ ಸ್ಯಾಲಿಸಿಲಿಕ್ ಆಸಿಡ್ ಆಣಿಯ ಜೊತೆ ಒಳ್ಳೆ ಚರ್ಮವನ್ನೂ ಸುಡುತ್ತದೆ, ನಿಮಗದು ತಿಳಿಯುವುದೂ ಇಲ್ಲ. ಆಣಿ ಅಂದರೆ ಆ ಜಾಗಕ್ಕೆ ಒತ್ತಡ ಜಾಸ್ತಿ ಬೀಳುತ್ತಿದೆ ಅಂತ. ಚಪ್ಪಲಿ ಬದಲಿಸದೆ ಬರೀ ಆಣಿ ತೆಗೆಸಿದರೆ ಮತ್ತೆ ಬರುತ್ತದೆ.

ಚಪ್ಪಲಿಯನ್ನು ಸಂಜೆ ಕೊಳ್ಳಿ, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಸ್ಪರ್ಶ ಇಲ್ಲದವರಿಗೆ ಹಿಂದೆ ಪಟ್ಟಿ ಇರುವ, ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಒಳ್ಳೆಯದು. ಪ್ರತಿ ಸಲ ಹಾಕುವ ಮುಂಚೆ ಒಳಗೆ ಕೈಯಾಡಿಸಿ ಕೊಡವಿ, ಕಲ್ಲೋ ಮೊಳೆಯೋ ಇರಬಹುದು.

ಗಾಯ ಕಂಡರೆ ಶುದ್ಧ ನೀರಲ್ಲಿ ತೊಳೆದು, ಶುಭ್ರ ಬ್ಯಾಂಡೇಜ್ ಬಟ್ಟೆ ಮುಚ್ಚಿ, ಅವತ್ತೋ ಮಾರನೇ ದಿನವೋ ಬನ್ನಿ. ಅರಿಶಿನ, ಕಾಫಿಪುಡಿ, ಬೂದಿ ಏನೂ ತುಂಬಬೇಡಿ, ಅದನ್ನೆಲ್ಲ ತೆಗೆಯುವಷ್ಟರಲ್ಲಿ ನಮಗೆ ಗಾಯವೇ ಕಾಣುವುದಿಲ್ಲ. ಕಪ್ಪಾಗಿದ್ದರೆ, ವಾಸನೆ ಬಂದರೆ, ಜ್ವರ ಬಂದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಂದು ಸಲ ಪಾದ ತೋರಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸ್ಪರ್ಶ ನೋಡುತ್ತೇವೆ, ಪಾದದ ನಾಡಿ ಹಿಡಿಯುತ್ತೇವೆ, ನೋವೇನೂ ಆಗುವುದಿಲ್ಲ. ಬರುವಾಗ ದಿನಾ ಹಾಕುವ ಹಳೇ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ, ಡಾಕ್ಟರ್ ಹತ್ತಿರ ಹೋಗುತ್ತೇವೆ ಅಂತ ಹೊಸದು ಬೇಡ. ಎಲ್ಲಿ ಸವೆದಿದೆ ಅಂತ ನೋಡಿದರೆ ನೀವು ಯಾವ ಜಾಗದ ಮೇಲೆ ಜಾಸ್ತಿ ಭಾರ ಬಿಡುತ್ತೀರಿ ಅಂತ ಗೊತ್ತಾಗುತ್ತದೆ.